ಮೊರಕ್ಕೆ ಮರಳಿದ ಹಿಡಿಜೋಳ

ಹೆಳವರ ಯಮನಪ್ಪನಿಗೆ ಸರಕಾರಿ ನೌಕರಿ ಸಿಕ್ಕಿದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಬಂದಾಗ ಹಲ್ಲಿಲ್ಲ ಎಂದು ಊರವರು ನಕ್ಕರು. ಯಮನಪ್ಪನೂ ಅವರ ಜೊತೆ ನಕ್ಕ, ಯಾಕೆಂದರೆ ಅವನ ಬಾಯಲ್ಲಿ ನಿಜವಾಗಿಯೂ ಉಳಿದದ್ದು ಆರೇ ಹಲ್ಲು. ಆದರೆ ಆ ಆರು ಹಲ್ಲಿನ ಹಿಂದಿದ್ದ ನಾಲಿಗೆಗೆ ಸಾವಿರದ ಇನ್ನೂರು ಮನೆಗಳ ವಂಶ ಬಾಯಿಪಾಠವಾಗಿತ್ತು. ಸರಕಾರಕ್ಕೆ ಬೇಕಾಗಿದ್ದೂ ಅದೇ.

ಹೆಳವರ ಕಸುಬು ಕಾಣದವರಿಗಾಗಿ ಒಂದು ಮಾತು. ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಸುತ್ತಿಕೊಂಡು, ಗಂಟೆ ಬಾರಿಸುತ್ತ ತನ್ನ ಒಕ್ಕಲಿನ ಮನೆಗಳಿಗೆ ಬರುತ್ತಾನೆ. ಮನೆಯವರು ಮೊರದ ತುಂಬ ಜೋಳ ತಂದಿಡುತ್ತಾರೆ. ಆ ಮನೆತನದ ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನವರೆಗೆ ಒಂದೊಂದೇ ಹೆಸರನ್ನು ರಾಗವಾಗಿ ಒಪ್ಪಿಸುತ್ತಾನೆ. ಹೊಸ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೊರಡುತ್ತಾನೆ. ಯಮನಪ್ಪನ ಮನೆತನದಲ್ಲಿ ಇನ್ನೊಂದು ರೂಢಿ ಇತ್ತು. ಒಂದು ಹೆಸರು ಹೇಳಿದರೆ ಮೊರದಿಂದ ಒಂದು ಹಿಡಿ ಜೋಳ ಜೋಳಿಗೆಗೆ. ಹೀಗೆ ಹೆಸರು ಮುಗಿಯುವುದಕ್ಕೂ ಮೊರ ಬರಿದಾಗುವುದಕ್ಕೂ ಸರಿಹೋಗುತ್ತಿತ್ತು.

ಈ ಶತಮಾನದ ನಡುಭಾಗ ದಾಟಿದ ಮೇಲೆ ಬಾಗಲಕೋಟೆಯಲ್ಲಿ ವಂಶ ಕೇಂದ್ರ ಎಂಬುದೊಂದು ತೆರೆಯಿತು. ಅಲ್ಲೊಂದು ಯಂತ್ರ. ನಾಲಿಗೆಯ ಕೆಳಗೆ ಕಾಗದದ ಪಟ್ಟಿ ಇಟ್ಟುಕೊಟ್ಟರೆ ಸಾಕು, ತಂದೆತಾಯಿಯಿಂದ ಬಂದ ವಂಶವಾಹಿಗಳನ್ನು ಓದಿ ಕ್ಯಾನ್ಸರ್ ತರಬಲ್ಲ ದೋಷ ಇದೆಯೋ ಇಲ್ಲವೋ ಹೇಳುತ್ತಿತ್ತು. ಆದರೆ ಜಿಲ್ಲೆಯ ಎಲ್ಲರ ಎಂಜಲು ಓದಲು ಅದಕ್ಕೆ ಇಪ್ಪತ್ತು ವರ್ಷ ಬೇಕು. ಮೊದಲು ಯಾರನ್ನು ಕರೆಯಬೇಕು? ಅದಕ್ಕೊಂದು ಉಪಾಯ ಮಾಡಿದರು. ಒಬ್ಬರಲ್ಲಿ ದೋಷ ಸಿಕ್ಕರೆ ಯಂತ್ರ ಅವರ ವಂಶದ ಮರವನ್ನು ತೆರೆಯ ಮೇಲೆ ತೆರೆದು, ಅವರ ಹೆಸರಿಗೆ ಕೆಂಪು ದೀಪ, ದೋಷ ಹಂಚಿಕೊಂಡಿರಬಹುದಾದ ರಕ್ತಸಂಬಂಧಿಗಳಿಗೆಲ್ಲ ಹಳದಿ ದೀಪ ಹಚ್ಚುತ್ತಿತ್ತು. ಹಳದಿಯವರಿಗೆ ಮೊದಲ ಕರೆ. ಯಾವ ಕುರುಹೂ ಇಲ್ಲದ ಮನೆಗೆ ಹಸಿರು ದೀಪ, ಅವರ ಪಾಳಿ ಕೊನೆಗೆ. ಇಷ್ಟಕ್ಕೂ ಮರ ಬೇಕಲ್ಲ! ಸರಕಾರದ ಕಾಗದಪತ್ರ ಮುತ್ತಜ್ಜನ ಹತ್ತಿರ ಹೋಗುವಷ್ಟರಲ್ಲಿ ಉಬ್ಬಸ ಬಂದು ಕೂತುಬಿಡುತ್ತಿದ್ದವು. ಆಗ ಯಾರೋ ಪುಣ್ಯಾತ್ಮರಿಗೆ ಹೆಳವರ ನೆನಪಾಯಿತು.

ಯಮನಪ್ಪ ಎರಡು ವರ್ಷ ಕೇಂದ್ರದಲ್ಲಿ ಕೂತು ತನ್ನ ಪುಸ್ತಕಗಳನ್ನೆಲ್ಲ ಯಂತ್ರಕ್ಕೆ ಓದಿಹೇಳಿದ. ಪುಸ್ತಕದಲ್ಲಿ ಇದ್ದದ್ದು ಗಂಡಸರ ಹೆಸರು ಮಾತ್ರ. "ತಾಯಂದಿರ ಹೆಸರಿಲ್ಲದ ಮರ ಯಾತಕ್ಕ ಬರತೈತ್ರಿ ಅಜ್ಜಾರ?" ಎಂದು ಅಲ್ಲಿನ ಡಾಕ್ಟರ್ ನಸೀಮಾ ಬಾಗವಾನ ಕೇಳಿದಾಗ, ಅವನು ಕಣ್ಣು ಮುಚ್ಚಿಕೊಂಡು ಸೊಸೆಯಂದಿರನ್ನು, ಹೆಣ್ಣುಮಕ್ಕಳನ್ನು, ಅವರನ್ನು ಮದುವೆ ಮಾಡಿ ಕೊಟ್ಟ ಊರುಗಳನ್ನು ಎಲ್ಲ ನೆನಪಿನಿಂದಲೇ ಹೇಳಿ ಬರೆಸಿದ. ನಸೀಮಾ ಕುರ್ಚಿ ಬಿಟ್ಟು ಎದ್ದುನಿಂತು ಕೈಮುಗಿದಿದ್ದಳು. ಅಂದಿನಿಂದ ಯಮನಪ್ಪ ಸ್ವಲ್ಪ ಎದೆ ಉಬ್ಬಿಸಿಕೊಂಡೇ ಓಡಾಡುತ್ತಿದ್ದ ಎಂದರೆ ತಪ್ಪಲ್ಲ.

ಜನರೂ ದೀಪಕ್ಕೆ ಹೊಂದಿಕೊಂಡರು. ಕನ್ಯೆ ನೋಡಲು ಹೋದವರು ಜಾತಕಕ್ಕಿಂತ ಮೊದಲು "ದೀಪ ಯಾವುದು?" ಎಂದು ಕೇಳತೊಡಗಿದರು. ಹಾಗೆ ಕೇಳಬಾರದೆಂದು ಕಾಯ್ದೆ ಇತ್ತು. ಕಾಯ್ದೆ ಇದ್ದರೆ ಏನು, ಜನ ಕೇಳದೆ ಬಿಡುತ್ತಾರೆಯೇ? ಹಸಿರು ಚೀಟಿ ಬಂದ ಮನೆಯವರು ಅದನ್ನು ಬಾಗಿಲಿಗೆ, ತೋರಣದ ಪಕ್ಕದಲ್ಲಿ ಹಚ್ಚಿಕೊಂಡರು.

*

ಆ ದಿನ ಮುಂಜಾನೆ ನಸೀಮಾ ಕೆರೂರಿನ ಒಂದು ಮನೆಯ ಮರ ತೆರೆದಿದ್ದಳು. ಆ ಮನೆಯ ಮೂವತ್ತೊಂಬತ್ತು ವರ್ಷದ ಹೆಣ್ಣುಮಗಳೊಬ್ಬಳಿಗೆ ಎದೆಯಲ್ಲಿ ಗಡ್ಡೆ, ಎಂಜಲಲ್ಲಿ ದೋಷ. ಅವಳ ಹೆಸರಿಗೆ ಕೆಂಪು ಹತ್ತಿತು. ಯಂತ್ರ ಅವಳ ತಂದೆಗೆ ಹೋಯಿತು, ಅಲ್ಲಿಂದ ಅಜ್ಜಿಗೆ ಏರಿತು. ಅಜ್ಜಿಯ ಹೆಸರು ಲಗಮವ್ವ. ನಲವತ್ತೊಂದನೆಯ ವಯಸ್ಸಿಗೆ ಎದೆಹುಣ್ಣಾಗಿ ತೀರಿಕೊಂಡವಳು. ಅವಳಿಂದ ಕೆಳಗೆ ಇಬ್ಬರು ಗಂಡುಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಎಲ್ಲರಿಗೂ ಪಟಪಟನೆ ಹಳದಿ ದೀಪ.

"ಕರೆ ಕಳಿಸೂಕಿಂತ ಮೊದಲ ಒಮ್ಮೆ ನೋಡ್ರಿ ಅಜ್ಜಾರ," ಎಂದಳು ನಸೀಮಾ. ಪ್ರತಿ ಮರಕ್ಕೂ ಕೇಳುವ ಮಾತು ಅದು. "ಲಗಮವ್ವಗ ಮಕ್ಕಳು ಇಬ್ಬರ ಹೌದಲ್ಲರಿ?"

ಯಮನಪ್ಪನಿಗೆ ಗೊತ್ತಿತ್ತು. ಇಬ್ಬರಲ್ಲ, ಮೂವರು. ಮೂರನೆಯವನನ್ನು ಮೂರು ವರ್ಷದ ಕೂಸಾಗಿದ್ದಾಗ ಗುಳೇದಗುಡ್ಡದ ನೇಕಾರ ಈರಪ್ಪನಿಗೆ ದತ್ತು ಕೊಟ್ಟಿದ್ದರು. ಈರಪ್ಪ ಮತ್ತು ಅವನ ಹೆಂಡತಿ ದುಂಡವ್ವ ಯಮನಪ್ಪನ ಅಪ್ಪನ ಕೈಗೆ ಉಪ್ಪು ಹಿಡಿಸಿ ಆಣೆ ಮಾಡಿಸಿಕೊಂಡಿದ್ದರು. "ಇಂವ ನಮ್ಮ ಹೊಟ್ಟ್ಯಾಗ ಹುಟ್ಟಿದವ ಅಂತ ಬರಕೋ. ಇವಗ ಗೊತ್ತಾದ್ರ ಎಲ್ಲಿ ಹೊಳ್ಳಿ ಓಡಿಹೋಗ್ತಾನೋ." ಅಪ್ಪ ಹಾಗೆಯೇ ಬರೆದುಕೊಂಡ. ಸಾಯುವಾಗ ಆ ಆಣೆಯನ್ನು ಮಗನ ಕೈಗೆ ದಾಟಿಸಿದ.

ಆದರೆ ಹೆಳವ ಸುಳ್ಳು ವಂಶ ಹೇಳಿದರೆ ನಾಲಿಗೆ ಸೇದಿ ಮಾತು ನಿಂತುಹೋಗುತ್ತದೆ ಎಂಬ ಭಯ ಅವರಿಗೆ. ಅದಕ್ಕೆ ಯಮನಪ್ಪನ ಮನೆತನದವರು ಒಂದು ಗುಟ್ಟಿನ ಗುರುತು ಮಾಡಿಕೊಂಡಿದ್ದರು. ದತ್ತು ಬಂದವನ ಹೆಸರು ಹೇಳಿದಾಗ ಜೋಳ ಹಿಡಿಯುತ್ತಾರೆ, ಜೋಳಿಗೆಗೆ ಹಾಕುವುದಿಲ್ಲ. ಮರಳಿ ಮೊರಕ್ಕೇ ಹಾಕುತ್ತಾರೆ. ನೋಡಿದವರು ಕೈ ಜಾರಿತು ಎಂದುಕೊಳ್ಳಬೇಕು. ಯಂತ್ರಕ್ಕೆ ಹೆಸರು ಬರೆಸುವಾಗ ಮೊರವೂ ಇರಲಿಲ್ಲ, ಜೋಳವೂ ಇರಲಿಲ್ಲ.

"ಅಜ್ಜಾರ?"

"ಹೌದ್ರಿ ಬಾಯಾರ," ಎಂದ ಯಮನಪ್ಪ. "ಇಬ್ಬರ."

ನಸೀಮಾ ಗುಂಡಿ ಒತ್ತಿದಳು. ಕೆರೂರಿಗೆ ಹದಿನೇಳು ಕರೆಗಳು ಹೋದವು. ಗುಳೇದಗುಡ್ಡಕ್ಕೆ ಒಂದೂ ಹೋಗಲಿಲ್ಲ. ಅಲ್ಲಿ ದತ್ತು ಹೋದ ಬಸಲಿಂಗಪ್ಪ ಈಗ ಎಂಬತ್ತರ ಮುದುಕ. ಅವನ ಒಬ್ಬಳೇ ಮಗಳಿಗೆ ಸಾಕಿದ ತಾಯಿಯ ಹೆಸರನ್ನೇ ಇಟ್ಟಿದ್ದ, ದುಂಡವ್ವ. ಅವಳಿಗೆ ನಲವತ್ನಾಲ್ಕು ವರ್ಷ.

*

ದುಂಡವ್ವ ಎಂದರೆ ಯಮನಪ್ಪನಿಗೆ ಪ್ರಾಣ. ಅವಳು ಹುಟ್ಟಿದ ವರ್ಷ ಅವಳ ಅಪ್ಪ ಮೊರದ ಜೊತೆ ಕೂಸನ್ನೂ ತಂದು ಅಂಗಳದಲ್ಲಿ ಮಲಗಿಸಿ, "ಇದನ್ನೂ ಬರಕೋ" ಎಂದಿದ್ದ. ಹೆಣ್ಣುಮಕ್ಕಳನ್ನು ಬರೆಯುವ ರೂಢಿಯಿಲ್ಲ ಎಂದಿದ್ದಕ್ಕೆ ಆ ಕೂಸು ಅವನ ಎತ್ತಿಗೂ ಕೇಳಿಸುವಂತೆ ಚೀರಿತ್ತು. ಈಗಲೂ ಅವಳ ದನಿ ಹಾಗೇ. ಕುಪ್ಪಸದ ಖಣ ನೇಯುವುದರಲ್ಲಿ ಅವಳನ್ನು ಮೀರಿಸುವವರು ಓಣಿಯಲ್ಲಿ ಇಲ್ಲ, ಜಗಳ ಆಡುವುದರಲ್ಲಂತೂ ಊರಲ್ಲೇ ಇಲ್ಲ. ಯಮನಪ್ಪ ಬಂದರೆ ಮಾತ್ರ ಬಿಸಿ ರೊಟ್ಟಿಯನ್ನು ಹಾಲಲ್ಲಿ ಮುರಿದು, ಆರು ಹಲ್ಲಿಗೆ ಹಿತವಾಗುವಷ್ಟು ಮೆತ್ತಗೆ ಮಾಡಿ ಕೊಡುತ್ತಿದ್ದಳು.

ಮರುದಿನವೇ ಅವನು ಅವಳ ಮಗ್ಗದ ಎದುರಿಗೆ ಹೋಗಿ ಕೂತ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ಅವಳು ಲಾಳಿ ಓಡಿಸುತ್ತಿದ್ದಳು.

"ಸುಗ್ಗಿ ಇನ್ನೂ ಐದು ತಿಂಗಳೈತಿ. ಈಗ್ಯಾಕ ಬಂದಿ ಕಾಕಾ? ರೊಟ್ಟಿ ನೆನಪಾತೇನು?"

"ಕೇಂದ್ರದಾಗ ಒಂದು ತಪಾಸಣಿ ನಡದೈತಿ ಮಗಳ. ನಂಗ ಬೇಕಾದವರನ್ನ ಕರಕೊಂಡು ಬಾ ಅಂದಾರ. ನೀ ಒಮ್ಮೆ ಬಂದು ಹೋಗು."

ಲಾಳಿ ನಿಂತಿತು. "ನಾನಾ? ಬಾಗಲಾ ನೋಡಿ ಒಳಗ ಬಂದಿಯೋ ಇಲ್ಲೋ? ಹಸಿರು ಚೀಟಿ ಐತಿ ನಮ್ಮ ಮನಿಗೆ. ನೀನ ಬರಸಿಕೊಟ್ಟ ಮರ ಅದು!"

"ಆದ್ರೂ..."

"ಹಸಿರು ಮನ್ಯಾಕಿ ತಪಾಸಣಿಗೆ ಹೋದ್ಲು ಅಂದ್ರ ಓಣ್ಯಾಗ ಏನಂತಾರ? ನಾಳೆ ನನ್ನ ಮಗಳು ಸುವರ್ಣಾನ ಕೇಳಾಕ ಬಂದವರು ಏನಂತಾರ? ನಿಂಗ ವಯಸ್ಸಾತು ಕಾಕಾ. ಎಲಿ ಅಡಿಕಿ ಹಾಕ್ಕೊಂಡು ಸುಮ್ನ ಕುಂದ್ರು."

ಪಡಸಾಲೆಯಲ್ಲಿ ಕೂತು ನೂಲು ಬಿಡಿಸುತ್ತಿದ್ದ ಬಸಲಿಂಗಪ್ಪ ತಲೆಯೆತ್ತಿ ಯಮನಪ್ಪನನ್ನು ನೋಡಿದ. ಮತ್ತೆ ನೂಲಿಗೆ ಕೈ ಹಾಕಿದ. ಅವನು ಮೊದಲಿನಿಂದಲೂ ಮಿತಭಾಷಿ, ಮನೆಯ ಮಾತೆಲ್ಲ ಮಗಳಿಗೇ ಸಂದಿತ್ತು.

ಯಮನಪ್ಪನಿಗೆ ನುಂಗಲೂ ಆಗದು, ಉಗುಳಲೂ ಆಗದು. ಉಗುಳುವುದೆಂದಾಗಲೇ ಅವನಿಗೊಂದು ಬುದ್ಧಿ ಹೊಳೆಯಿತು. ದುಂಡವ್ವ ತಾನೂ ಎಲೆ ಅಡಿಕೆ ಹಾಕಿಕೊಂಡು, ಜಗಿದು, ಹಿತ್ತಲಿನ ತೆಂಗಿನ ಬುಡಕ್ಕೆ ಉಗುಳಿ ಬಂದಳು. ಅವಳು ಒಳಗೆ ಹೋದದ್ದೇ ತಡ, ಎಪ್ಪತ್ಮೂರು ವರ್ಷದ ಮುದುಕ ಕಳ್ಳಬೆಕ್ಕಿನ ಹಾಗೆ ಹಿತ್ತಲಿಗೆ ನುಸುಳಿ ಆ ಚರಟವನ್ನು ಎಲೆಯ ಮೇಲೆತ್ತಿ, ಧೋತರದ ಚುಂಗಿಗೆ ಕಟ್ಟಿಕೊಂಡ.

*

"ಏನಿದು?" ನಸೀಮಾ ಆ ಗಂಟನ್ನು ಚಿಮಟದಲ್ಲಿ ಎತ್ತಿ ಹಿಡಿದಿದ್ದಳು.

"ಎಂಜಲರಿ ಬಾಯಾರ. ಸ್ವಲ್ಪ ಸುಣ್ಣ ಕೂಡೇತಿ. ಯಂತ್ರಕ್ಕ ನಡೀತೈತೇನು?"

"ಯಾರದು?"

ಯಮನಪ್ಪ ಕಾಲಿನ ಹೆಬ್ಬೆರಳು ನೋಡಿಕೊಂಡ.

ನಸೀಮಾ ಮೊದಲು ನಕ್ಕಳು, ತಡೆಯಲಾಗದೆ, ಕಣ್ಣಲ್ಲಿ ನೀರು ಬರುವ ಹಾಗೆ. ಆಮೇಲೆ ಗಂಟನ್ನು ಕಸದ ಡಬ್ಬಿಗೆ ಹಾಕಿ ಗಂಭೀರವಾದಳು. "ಅಜ್ಜಾರ, ಇದು ಕಳುವು. ಒಬ್ಬರ ಜೇಬಿಗೆ ಕೈ ಹಾಕೂದಕ್ಕಿಂತ ದೊಡ್ಡ ಕಳುವು. ಅವರು ಹೂಂ ಅನ್ನದ ನಾವು ಅವರ ಒಳಗ ಇಣುಕಿ ನೋಡಬಾರದು."

ಯಮನಪ್ಪ ಕಸದ ಡಬ್ಬಿಯ ಕಡೆ ನೋಡಿದ. ಆಮೇಲೆ ಕೇಳಿದ. "ಆ ದೋಷ ಅಂದ್ರ ನಿಜವಾಗಿ ಏನ್ರಿ? ನಂಗ ತಿಳಿಯೂಹಂಗ ಹೇಳ್ರಿ."

ನಸೀಮಾ ಒಂದು ಕ್ಷಣ ಯೋಚಿಸಿದಳು. ಬಾಗಲಕೋಟೆಯಲ್ಲಿ ಬೆಳೆದ ಅವಳಿಗೂ ಮಗ್ಗ ಹೊಸದಲ್ಲ. "ಮಗ್ಗದಾಗ ನೇಯುವಾಗ ಎಳಿ ಹರೀತಾವಲ್ಲರಿ? ಗಂಟು ಹಾಕೋ ಕೈ ಇದ್ರ ಬಟ್ಟಿ ಕೆಡೂದಿಲ್ಲ. ನಮ್ಮ ಮೈಯಾಗೂ ದಿನಾ ಎಳಿ ಹರೀತಾವ, ದಿನಾ ಗಂಟು ಬೀಳತಾವ. ಆ ಗಂಟು ಹಾಕೋ ಕೈ ಎರಡು, ಅವ್ವಂದೊಂದು, ಅಪ್ಪಂದೊಂದು. ಕೆಲವರಿಗೆ ಹುಟ್ಟತನ ಒಂದು ಕೈ ಊನ ಇರತೈತಿ. ಇನ್ನೊಂದು ಕೈ ದುಡಿಯೂತನಕ ಏನೂ ಆಗೂದಿಲ್ಲ. ಅದೂ ಸೋತ್ರ ಅಲ್ಲಿ ತೂತು ಬಿದ್ದು ಗಡ್ಡಿ ಆಗತೈತಿ. ಅಂಥಾ ಹತ್ತು ಹೆಣ್ಣುಮಕ್ಕಳಾಗ ಆರೇಳು ಮಂದಿಗೆ ಒಂದಿಲ್ಲೊಂದು ದಿನ ಆಗೂ ಸಂಭವ. ಎಲ್ಲಾರಿಗೂ ಆಗತೈತಿ ಅಂತಲ್ಲ. ಮೊದಲ ಗೊತ್ತಿದ್ರ ವರ್ಷಾ ವರ್ಷಾ ನೋಡಕೋಬಹುದು, ಸಣ್ಣದಿದ್ದಾಗ ತಗೀಬಹುದು."

"ಗಂಡಸರಿಗೆ?"

"ಗಂಡಸರಿಗೆ ಎದಿ ರೋಗ ಕಡಿಮಿ. ಆದ್ರ ಊನದ ಕೈಯನ್ನ ಮಕ್ಕಳಿಗೆ ಕೊಡಬಲ್ಲರು. ಎರಡಕ್ಕ ಒಂದು ಪಾಲು. ಕೆರೂರಿನ ಆ ಹೆಣ್ಣುಮಗಳಿಗೆ ಬಂದದ್ದು ಅಪ್ಪನಿಂದನ."

"ಒಬ್ಬಾತ ದತ್ತು ಹೋಗಿದ್ರ?" ಎಂದುಬಿಟ್ಟ ಯಮನಪ್ಪ.

ನಸೀಮಾ ಪೆನ್ನು ಕೆಳಗಿಟ್ಟಳು. ಅವಳಿಗೆ ತಿಳಿಯಿತು. ಆದರೆ ಹೆಸರು ಕೇಳಲಿಲ್ಲ. "ಹೆಸರು ನಂಗ ಹೇಳಬ್ಯಾಡ್ರಿ. ಮರ ತಿದ್ದಬೇಕಂದ್ರ ಆ ಮನಿ ಹಿರಿಯರು ಒಪ್ಪಬೇಕು. ಅದು ಕಾಯ್ದೆ. ನೀವು ಹೋಗಿ ಅವರಿಗೆ ಹೇಳ್ರಿ."

"ಉಪ್ಪು ಹಿಡದು ಆಣಿ ಮಾಡೇವ್ರಿ ಬಾಯಾರ. ಅಂವ ಸಾಯೂತನಕ ಅವಗ ಗೊತ್ತಾಗಬಾರದು ಅಂತ. ಈ ವಯಸ್ಸಿನಾಗ, ನೀ ಈ ಮನ್ಯಾವ ಅಲ್ಲ ಅಂತ ನಾ ಹೆಂಗ ಹೇಳಲಿ? ಮುದುಕ ಎದಿ ಒಡಕೊಂಡು ಸತ್ತಾನು."

"ಮಗಳು ಅದಾಳೇನ್ರಿ ಅವರಿಗೆ?"

"ಅದಾಳ."

"ವಯಸ್ಸು?"

ದುಂಡವ್ವನಿಗೆ ಆಗಲೇ ನಲವತ್ನಾಲ್ಕು ಎಂದು ಯಮನಪ್ಪ ಮನಸ್ಸಿನಲ್ಲೇ ಎಣಿಸಿದ. ಲಗಮವ್ವ ಸತ್ತಾಗ ನಲವತ್ತೊಂದು, ಕೆರೂರಿನವಳಿಗೆ ಮೂವತ್ತೊಂಬತ್ತು. ಲೆಕ್ಕ ಹಾಕಲು ಯಂತ್ರ ಬೇಕಿರಲಿಲ್ಲ.

*

ನಾಲ್ಕು ದಿನ ಅವನು ಊಟ ಸರಿಯಾಗಿ ಮಾಡಲಿಲ್ಲ. ಐದನೆಯ ದಿನ ಎತ್ತಿಗೆ ಮೈತೊಳೆದು, ಕಂಬಳಿ ಕೊಡವಿ, ಗಂಟೆ ಹಿಡಿದು ಗುಳೇದಗುಡ್ಡಕ್ಕೆ ಹೊರಟ. ಹೇಳುವುದಾದರೆ ಹೆಳವನ ಹಾಗೆಯೇ ಹೇಳಬೇಕು ಎಂದು ತೀರ್ಮಾನಿಸಿದ್ದ. ನಾಲಿಗೆ ಸೇದಿದರೂ ಅಂಗಳದಲ್ಲೇ ಸೇದಲಿ.

ಸುಗ್ಗಿಯಲ್ಲದ ಕಾಲದಲ್ಲಿ ಗಂಟೆ ಕೇಳಿ ದುಂಡವ್ವ ಹೊರಗೆ ಬಂದವಳೇ ಸೊಂಟಕ್ಕೆ ಕೈ ಇಟ್ಟಳು. "ಯವ್ವಾ! ಕಾಕಾಗ ಅರಳು ಮರಳು! ಅಪ್ಪಾ, ಬಾ ಹೊರಗ."

"ಮೊರಾ ತಾ ಮಗಳ," ಎಂದ ಯಮನಪ್ಪ. ಅವನ ದನಿ ಕೇಳಿ ಅವಳು ಮರುಮಾತಾಡದೆ ಒಳಗೆ ಹೋಗಿ ಮೊರ ತಂದಿಟ್ಟಳು. ಬಸಲಿಂಗಪ್ಪ ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತ.

ಯಮನಪ್ಪ ರಾಗ ಎತ್ತಿದ. ಮೂಲಪುರುಷ ಸಂಗಪ್ಪ, ಒಂದು ಹಿಡಿ ಜೋಳಿಗೆಗೆ. ಸಂಗಪ್ಪನ ಮಗ ಮಾಚಪ್ಪ, ಒಂದು ಹಿಡಿ. ಬರಗಾಲದಲ್ಲಿ ಊರು ಬಿಟ್ಟು ಗುಳೇದಗುಡ್ಡಕ್ಕೆ ಬಂದು ಮಗ್ಗ ಹೂಡಿದ ಚೆನ್ನಪ್ಪ, ಒಂದು ಹಿಡಿ. ಅವನ ಮಗ ಈರಪ್ಪ, ಒಂದು ಹಿಡಿ. ಈರಪ್ಪನ ಮಗ ಬಸಲಿಂಗಪ್ಪ...

ಹಿಡಿಯಲ್ಲಿ ಜೋಳವಿತ್ತು. ಕೈ ಮೊರದ ಮೇಲೆ ನಿಂತುಬಿಟ್ಟಿತು. ಬೆರಳ ಸಂದಿಯಿಂದ ಕಾಳು ಒಂದೊಂದೇ ಉದುರತೊಡಗಿದವು.

"ಯಾಕ ನಿಂತಿ ಯಮನಪ್ಪಾ?" ಬಸಲಿಂಗಪ್ಪನ ದನಿ ತಣ್ಣಗಿತ್ತು. "ಹೊಳ್ಳಿ ಮೊರಕ್ಕ ಹಾಕಬೇಕಲ್ಲ ಈ ಹಿಡೀನ?"

ಯಮನಪ್ಪ ಬೆಚ್ಚಿಬಿದ್ದ. "ಏನಂದಿ?"

"ಏಳು ವರ್ಷದವ ಇದ್ದೆ. ಇಲ್ಲೇ ಕಟ್ಟಿ ಮ್ಯಾಲ ಕುಂತು ನಿಮ್ಮಪ್ಪನ ಕೈನ ನೋಡತಿದ್ದೆ. ಎಲ್ಲಾರ ಜ್ವಾಳ ಜೋಳಗಿಗೆ, ನನ್ನ ಜ್ವಾಳ ಮಾತ್ರ ಹೊಳ್ಳಿ ಮೊರಕ್ಕ. ಮರುವರ್ಷನೂ ಹಂಗ. ನಮ್ಮವ್ವನ ಕೇಳಿದೆ, ನನ್ನ ಜ್ವಾಳ ಅಷ್ಟ ಯಾಕ ಬ್ಯಾಡಂತ ಇವಗ ಅಂತ. ಅಕಿ ನನ್ನ ತಬ್ಬಿಕೊಂಡು ಅತ್ತಳು ನೋಡು, ಹಂಗ ಅತ್ತದ್ದನ್ನ ನಾ ಮತ್ತೆಂದೂ ನೋಡಲಿಲ್ಲ. ಅವತ್ತ ತಿಳೀತು. ಅಕಿ ಮತ್ತ ಅಳಬಾರದು ಅಂತ ಎಂದೂ ಕೇಳಲಿಲ್ಲ."

"ಮತ್ತ ಅವ್ವ ಹೋದ ಮ್ಯಾಲೆ? ನನ್ನರ ಕೇಳಬಹುದಿತ್ತಲ್ಲೋ!"

"ಕೇಳಿದ್ರ ನೀ ಆಣಿ ಮುರೀಬೇಕಾಗತಿತ್ತು. ಪಾಪ, ಅಷ್ಟು ಕಷ್ಟಪಟ್ಟು ಕೈ ಜಾರಿದಂಗ ಮಾಡತಿದ್ದಿ. ಯಾಕ ಕೆಡಸಲಿ ಅಂದೆ."

ಅಯ್ಯೋ ಶಿವನೇ! ಐವತ್ತು ವರ್ಷ ಯಮನಪ್ಪ ಅವನಿಗೆ ತಿಳಿಯಬಾರದೆಂದು ಒದ್ದಾಡಿದ್ದ, ಐವತ್ತು ವರ್ಷ ಬಸಲಿಂಗಪ್ಪ ತನಗೆ ತಿಳಿದದ್ದು ಇವನಿಗೆ ತಿಳಿಯಬಾರದೆಂದು ಬಾಯಿ ಕಟ್ಟಿಕೊಂಡಿದ್ದ. ಯಮನಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂದವು. ಎತ್ತಿನಿಂದ ಇಳಿದು ಕಟ್ಟೆಯ ಮೇಲೆ ಗೆಳೆಯನ ಪಕ್ಕ ಕುಸಿದು ಕೂತ.

"ಆದ್ರ ಯಾರ ಮಗಾ ಅಂತ ಮಾತ್ರ ನಂಗ ಗೊತ್ತಿಲ್ಲ," ಎಂದ ಬಸಲಿಂಗಪ್ಪ. "ಇವತ್ತ ನೀ ಸುಗ್ಗಿ ಅಲ್ಲದಾಗ ಬಂದೀ ಅಂದ್ರ ಅದನ್ನ ಹೇಳಾಕ ಬಂದೀ. ಹೇಳು. ಆಣಿ ನಾ ಬಿಡಿಸೇನಿ."

ಯಮನಪ್ಪ ಹೇಳಿದ. ಕೆರೂರು, ಲಗಮವ್ವ, ಎದೆಹುಣ್ಣು, ನಲವತ್ತೊಂದು, ಈಗ ಮೊಮ್ಮಗಳಿಗೆ ಹತ್ತಿದ ಕೆಂಪು ದೀಪ. ತಾನು ಡಾಕ್ಟರಿಗೆ ಇಬ್ಬರೇ ಮಕ್ಕಳು ಎಂದು ಸುಳ್ಳಾಡಿದ್ದನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಬಸಲಿಂಗಪ್ಪನ ಕಣ್ಣು ಬಾಗಿಲ ಕಡೆ ತಿರುಗಿತು. ಅಲ್ಲಿ ದುಂಡವ್ವ ಮಜ್ಜಿಗೆ ತಂಬಿಗೆ ಹಿಡಿದು ನಿಂತಿದ್ದಳು. ಒಂದು ಮಾತೂ ಆಡದೆ ನಿಂತಿದ್ದಳು, ಅದೇ ಹೆದರಿಕೆಯ ವಿಷಯವಾಗಿತ್ತು.

ಅವಳು ತಂಬಿಗೆಯನ್ನು ಕೆಳಗಿಟ್ಟಳು. ಬಾಗಿಲಿಗೆ ಹೋಗಿ ಹಸಿರು ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. "ಹಿತ್ತಲದಾಗ ನನ್ನ ಚರಟಾ ಆರಿಸಿಕೊಂಡು ಹ್ವಾದಿಯಲ್ಲ ಕಾಕಾ, ಅಡಗಿಮನಿ ಕಿಟಿಕ್ಯಾಗಿಂದ ನೋಡಿದ್ದೆ. ಹುಚ್ಚು ಹಿಡದೈತಿ ಮುದುಕಗ ಅಂದ್ಕೊಂಡೆ. ಹುಚ್ಚಲ್ಲ ಹಂಗಾರ, ನನ್ನ ಮ್ಯಾಲಿನ ಜೀವ."

ಇಷ್ಟು ಹೇಳಿ ಗಕ್ಕನೆ ಕೂತು ಅತ್ತಳು.

"ನಾ ಮೊದಲ ಕೊಡತೀನಿ ಎಂಜಲಾ," ಎಂದ ಬಸಲಿಂಗಪ್ಪ, ಕೋಲು ಹಿಡಿದು ಏಳುತ್ತ. "ನನ್ನಾಗ ಇಲ್ಲಂದ್ರ ಅಕಿಗೆ ಬರೂದು ಎಲ್ಲಿಂದ?"

*

ಬಸಲಿಂಗಪ್ಪನ ಒಪ್ಪಿಗೆಯ ಹೆಬ್ಬೆಟ್ಟು ಬಿದ್ದ ಕೂಡಲೆ ತೆರೆಯ ಮೇಲೆ ಲಗಮವ್ವನ ಮರಕ್ಕೆ ಮೂರನೆಯ ಕೊಂಬೆ ಮೂಡಿತು. ಅವನು ತನ್ನ ಹೆಸರನ್ನೇ ದಿಟ್ಟಿಸಿ ನೋಡುತ್ತಿದ್ದ. ಈರಪ್ಪನ ಮರದಿಂದಲೂ ತನ್ನ ಹೆಸರು ಹೋಗಬಾರದು ಎಂದು ಹಟ ಹಿಡಿದ. ಯಂತ್ರದಲ್ಲಿ ಅಂಥ ಅನುಕೂಲ ಇರಲಿಲ್ಲ. ನಸೀಮಾ ಯಾರ ಯಾರಿಗೋ ಫೋನು ಮಾಡಿ, ಗದರಿಸಿ, ಒಂದು ಹೆಸರು ಎರಡು ಮರದಲ್ಲಿ ನಿಲ್ಲುವಂತೆ ಮಾಡಿಸಿದಳು.

ಮುಕ್ಕಾಲು ತಾಸಿನ ಮೇಲೆ ಆ ಹೆಸರಿಗೆ ಕೆಂಪು ಹತ್ತಿತು. ಅದರ ಕೆಳಗೆ ದುಂಡವ್ವನ ಹೆಸರಿಗೆ ಹಳದಿ.

ಬಸಲಿಂಗಪ್ಪ ಮಗಳ ಕೈ ಹಿಡಿದುಕೊಂಡ. "ದತ್ತು ಬಂದಾಗ ನಾ ಬರಿಗೈಲೆ ಬಂದವ ಅಂದ್ಕೊಂಡಿದ್ದೆ. ಇದೊಂದು ತಂದಿದ್ದೆ ನೋಡು ನಿನಗಂತ."

"ಸುಮ್ನಿರಪಾ," ಎಂದಳು ದುಂಡವ್ವ. "ಈ ಮೊಂಡ ಮೂಗು ನಿಂದ, ಈ ಹಟಾ ನಿಂದ, ಮಗ್ಗದ ಮ್ಯಾಲ ಕೈ ಕುಂದ್ರಿಸಿದವ ನೀನ. ಅಷ್ಟೂ ಇಸಗೊಂಡಾಕಿ ಇದೊಂದು ಬ್ಯಾಡ ಅಂದ್ರ ಹೆಂಗ?" ಆಮೇಲೆ ನಸೀಮಾಳ ಕಡೆ ತಿರುಗಿ, "ತರ್ರಿ ಆ ಪಟ್ಟಿ. ಸುಣ್ಣ ಇಲ್ಲದ ಎಂಜಲಾ ಕೊಡತೀನಿ," ಎಂದು ನಾಲಿಗೆ ಎತ್ತಿದಳು.

ಅವಳಲ್ಲೂ ಇತ್ತು. ಅದೇ ವಾರ ಎದೆಯ ಚಿತ್ರ ತೆಗೆದರು. ಎಡಕ್ಕೆ, ಒಳಗೆ, ಕೈಗೆ ಸಿಗದಷ್ಟು ಆಳದಲ್ಲಿ ಒಂದು ಚಿಕ್ಕ ಗಡ್ಡೆ. ನಸೀಮಾ ತೆರೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಎರಡು ವರ್ಷ ಬಿಟ್ಟು ಬಂದಿದ್ರ ನಾ ಬ್ಯಾರೆ ಮಾತು ಹೇಳತಿದ್ದೆ. ಈಗ ಹೆದರಬ್ಯಾಡ್ರಿ."

"ಎಷ್ಟೈತ್ರಿ?" ಎಂದು ಕೇಳಿದ ಯಮನಪ್ಪ. ಅವನನ್ನು ಯಾರೂ ಒಳಗೆ ಕರೆದಿರಲಿಲ್ಲ, ಯಾರೂ ಹೊರಗೆ ಹೋಗು ಎಂದೂ ಅಂದಿರಲಿಲ್ಲ.

"ಒಂದು ಜ್ವಾಳದ ಕಾಳಿನಷ್ಟು."

ಹೊರಗೆ ಬಂದ ಮೇಲೆ ನಸೀಮಾ ಅವನನ್ನು ತಡೆದು ನಿಲ್ಲಿಸಿದಳು. "ಅಜ್ಜಾರ, ಹಿಂಗ ಹೊಳ್ಳಿ ಮೊರಕ್ಕ ಹಾಕಿದ ಹಿಡಿ ಇನ್ನೂ ಎಷ್ಟು ಅದಾವ್ರಿ?"

ಅವನು ಕಣ್ಣು ಮುಚ್ಚಿದ. ತುಟಿ ಅಲುಗಾಡಿದವು. ಊರಿಂದೂರಿಗೆ, ಅಂಗಳದಿಂದ ಅಂಗಳಕ್ಕೆ ಹೋಗಿ ಬಂದ. "ಮೂವತ್ತೊಂದು ಮನಿ," ಎಂದ. "ನಾನ ಹೋಗಿ ಹೇಳತೀನ್ರಿ. ಯಂತ್ರದ ಕರೆ ಕಳಿಸಬ್ಯಾಡ್ರಿ. ಈ ಮಾತು ಕಾಗದದಾಗ ಹೋಗಬಾರದು."

ಹೋದ. ಸುಗ್ಗಿಯ ತನಕ ಹೋದ. ಹದಿನಾಲ್ಕು ಮನೆಯಲ್ಲಿ ಅವನನ್ನು ಬೈದು ಕಳಿಸಿದರು, ಒಂದು ಮನೆಯಲ್ಲಿ ಗಂಟೆ ಕಿತ್ತುಕೊಂಡರು. ಇನ್ನುಳಿದ ಮನೆಗಳಲ್ಲಿ ಯಾರಾದರೊಬ್ಬ ಮುದುಕನೋ ಮುದುಕಿಯೋ ಬಾಗಿಲು ಹಾಕಿ, ದನಿ ತಗ್ಗಿಸಿ, "ನಮಗ ಗೊತ್ತಿತ್ತೋ" ಎಂದರು.

*

ದುಂಡವ್ವನ ಶಸ್ತ್ರಚಿಕಿತ್ಸೆ ಆಯಿತು. ಎರಡೂ ಎದೆ ತೆಗೆಸುವುದೆಂದು ಅವಳೇ ನಿಶ್ಚಯಿಸಿದಳು. ಗಡ್ಡೆಯಷ್ಟೇ ತೆಗೆಸಬಹುದು ಎಂಬ ಇನ್ನೊಂದು ದಾರಿಯನ್ನೂ ನಸೀಮಾ ಬಿಡಿಸಿ ಹೇಳಿದ್ದಳು, ಮನೆಅಳಿಯನಾಗಿ ಬಂದಿದ್ದ ಗಂಡ ಶಂಕ್ರಪ್ಪ ನಿನಗೆ ಹೆಂಗ ಬೇಕೋ ಹಂಗ ಅಂದಿದ್ದ. ಮೂರು ತಿಂಗಳು ಮಗ್ಗಕ್ಕೆ ಇಳಿಯಲಿಲ್ಲ. ಇಳಿದ ದಿನ ತನಗೆಂದೇ ಒಂದು ಖಣ ನೇಯ್ದುಕೊಂಡು, ಹೊಸ ಅಳತೆಗೆ ಕುಪ್ಪಸ ಹೊಲಿಸಿ ಹಾಕಿಕೊಂಡು ಓಣಿಯ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಏನಾದರೂ ಅನ್ನಬೇಕೆಂದು ಬಾಗಿಲಲ್ಲಿ ನಿಂತವರು ಅವಳ ಮುಖ ನೋಡಿ ಒಳಗೆ ಹೋದರು. ಮಗಳು ಸುವರ್ಣಾ ಇನ್ನೂ ಎಂಜಲು ಕೊಟ್ಟಿರಲಿಲ್ಲ. ಯೋಚನೆ ಮಾಡುತ್ತೇನೆ ಎಂದಿದ್ದಳು, ಯಾರೂ ಒತ್ತಾಯ ಮಾಡಲಿಲ್ಲ. ಅವಳನ್ನು ಕೇಳಲು ಬಂದವರೊಬ್ಬರು ದೀಪ ಯಾವುದೆಂದಾಗ ದುಂಡವ್ವ, "ನಮ್ಮ ಮನ್ಯಾಗ ಮೂರೂ ಬಣ್ಣ ಅದಾವು, ಚಾ ಕುಡದು ಹೋಗ್ರಿ" ಎಂದು ಕಳಿಸಿದಳಂತೆ.

ಸುಗ್ಗಿ ಮುಗಿಯಿತು. ಯಮನಪ್ಪನ ಹೊಸ ಗಂಟೆ ಅಂಗಳದಲ್ಲಿ ಮೊಳಗಿತು. ದುಂಡವ್ವ ಎರಡು ಮೊರ ತಂದಿಟ್ಟಳು.

"ಎರಡ್ಯಾಕ ಮಗಳ?"

"ಹೆಣ್ಣುಮಕ್ಕಳ ಹೆಸರೂ ಹೇಳಬೇಕಲ್ಲ ಈ ಸಲ? ಒಂದು ಮೊರಾ ಸಾಲೂದಿಲ್ಲ."

ಯಮನಪ್ಪ ರಾಗ ಎತ್ತಿದ. ಪ್ರತಿ ಹೆಸರಿನ ಜೊತೆ ಹೆಂಡತಿಯ ಹೆಸರು, ತಾಯಿಯ ಹೆಸರು. ಹೊಸ ಹೆಸರುಗಳು ಹಳೆಯ ರಾಗದಲ್ಲಿ ಕೂರದೆ ತಡವರಿಸಿದವು, ಅವನು ಅಲ್ಲಲ್ಲಿ ಎಳೆದು ಅಲ್ಲಲ್ಲಿ ಮೊಟಕು ಮಾಡಿ ಕೂರಿಸಿದ. ಬಸಲಿಂಗಪ್ಪ ಕಟ್ಟೆಯ ಮೇಲೆ ಕೋಲಿಗೆ ಗಲ್ಲ ಊರಿ ಕೇಳುತ್ತಿದ್ದ.

"ಈರಪ್ಪ ದುಂಡವ್ವ ಸಾಕಿದ ಮಗ, ಕೆರೂರಿನ ಲಗಮವ್ವ ಹ‌ಡೆದ ಮಗ, ಬಸಲಿಂಗಪ್ಪ..."

ಯಮನಪ್ಪ ಹಿಡಿ ತುಂಬ ಜೋಳ ಎತ್ತಿದ. ಮೊರದ ಕಡೆ ನೋಡಲಿಲ್ಲ. ಜೋಳಿಗೆಗೆ ಹಾಕಿದ.

ಎಂಬತ್ತೊಂದು ವರ್ಷಕ್ಕೆ ಮೊದಲ ಸಲ ತನ್ನ ಹಿಡಿ ಜೋಳ ಉಳಿದವರ ಜೋಳದ ಜೊತೆ ಸೇರಿದ್ದನ್ನು ಬಸಲಿಂಗಪ್ಪ ನೋಡಿದ. ಹಡೆದ ತಾಯಿಯ ಹೆಸರನ್ನು ವಂಶದ ರಾಗದಲ್ಲಿ ಕೇಳಿದ್ದೂ ಅದೇ ಮೊದಲು. ಮುಂದಿನ ಹೆಸರು ದುಂಡವ್ವನದು. ಅವಳು ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದಳು. ಯಮನಪ್ಪ ಬಾಯಿ ತೆರೆಯುವಷ್ಟರಲ್ಲಿ ಬಸಲಿಂಗಪ್ಪ ಕೈ ಎತ್ತಿದ.

"ತಡಿ ಯಮನಪ್ಪಾ," ಎಂದ ಮುದುಕ. "ನನ್ನ ಹಡದಾಕಿ ಹೆಸರು ಇನ್ನೊಮ್ಮೆ ಹೇಳು."